ತನ್ನ ಹೆಸರೇ ಹಿಡಿಸದ ಹ್ಯಾಸ್ಕೆಲ್ ಕರ್ರಿ

ಹೈದರಾಬಾದಿಗೆ ಕೆಲಸಕ್ಕೆ ಬಂದ ನಮ್ಮ ಹುಡುಗ ಹುಡುಗಿಯರು ಮೊದಲ ವಾರದಲ್ಲೇ ಕಲಿಯುವ ಪದ ಕರ್ರಿ ಪಾಯಿಂಟ್. ರೂಮಿನಲ್ಲಿ ಕುಕ್ಕರಿಗೆ ಅನ್ನ ಇಟ್ಟು, ಬೀದಿಯ ತಿರುವಿನಲ್ಲಿರುವ ಆ ಪುಟ್ಟ ಅಂಗಡಿಯಿಂದ ಪಲ್ಯ, ಪಪ್ಪು, ಸಾಂಬಾರು ಕಟ್ಟಿಸಿಕೊಂಡು ಬಂದರೆ ರಾತ್ರಿಯ ಊಟ ಆಯಿತು. ಅದೇ ಹುಡುಗರು ಆಫೀಸಿನಲ್ಲಿ ಕರ್ರಿಯಿಂಗ್ ಎಂಬ ಇನ್ನೊಂದು ಪದ ಕೇಳುತ್ತಾರೆ. ಈ ಫಂಕ್ಷನ್ ಅನ್ನು ಸ್ವಲ್ಪ ಕರ್ರಿ ಮಾಡು ಎಂದು ಸೀನಿಯರ್ ಹೇಳಿದರೆ ನಗು ತಡೆಯುವುದು ಕಷ್ಟ. ಆದರೆ ಇದಕ್ಕೂ ಒಗ್ಗರಣೆಗೂ ಸಂಬಂಧವಿಲ್ಲ. ಇದು ಒಬ್ಬ ಮನುಷ್ಯನ ಮನೆತನದ ಹೆಸರು. ಅಮೆರಿಕದ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಬ್ರೂಕ್ಸ್ ಕರ್ರಿ ತೀರಿಕೊಂಡು 40 ವರ್ಷ ದಾಟಿತು. ಅವರ ಮೊದಲ ಹೆಸರಿನಲ್ಲಿ ಒಂದು ಪ್ರೋಗ್ರಾಮಿಂಗ್ ಭಾಷೆ ಇದೆ, ಕೊನೆಯ ಹೆಸರಿನಲ್ಲಿ ಇನ್ನೊಂದು ಭಾಷೆ ಇದೆ. ಇಷ್ಟಿದ್ದರೂ ಅವರು ಯಾರು, ಏನು ಮಾಡಿದರು ಎಂದು ನಮ್ಮ ಕ್ಯಾಂಟೀನಿನಲ್ಲಿ ಕೇಳಿದರೆ ಉತ್ತರ ಸಿಗುವುದು ಅಪರೂಪ.

ಅವರ ಬದುಕಿಗೆ ಹೋಗುವ ಮುಂಚೆ, ಅವರ ಕೆಲಸ ಇಂದು ನಮ್ಮ ಕೈಗೆ ಎಲ್ಲಿ ಸಿಗುತ್ತದೆ ನೋಡೋಣ. ನೀವು ಕ್ಯಾಬ್ ಬುಕ್ ಮಾಡಿ ಗೇಟಿನ ಹತ್ತಿರ ನಿಂತಿದ್ದೀರಿ. ಮೊಬೈಲಿನ ನಕ್ಷೆಯಲ್ಲಿ ಪುಟ್ಟ ಕಾರೊಂದು ತೆವಳುತ್ತಾ ಬರುತ್ತಿದೆ. ಚಾಲಕರ ಫೋನಿನಿಂದ ಕೆಲವು ಸೆಕೆಂಡಿಗೊಮ್ಮೆ ತಾನಿರುವ ಜಾಗವನ್ನು ತಿಳಿಸುವ ಒಂದೊಂದು ಸೂಚನೆ ಹೊರಡುತ್ತದೆ. ಅದು ಎಣಿಸಿ ಮುಗಿಸಬಹುದಾದ ಪಟ್ಟಿಯಲ್ಲ. ಬರುತ್ತಲೇ ಇರುವ ಹರಿವು. ಪ್ರೋಗ್ರಾಮ್ ಬರೆಯುವವರು ಅದರ ದಾರಿಯಲ್ಲಿ ಸಣ್ಣ ಸಣ್ಣ ಫಂಕ್ಷನ್‌ಗಳನ್ನು ಕೂರಿಸುತ್ತಾರೆ. ಒಂದು, ಹುಚ್ಚುಚ್ಚಾಗಿ ಎಲ್ಲೋ ಹಾರಿದ ಸೂಚನೆಯನ್ನು ಸೋಸಿ ತೆಗೆಯುತ್ತದೆ. ಮತ್ತೊಂದು, ಉಳಿದದ್ದನ್ನು ನಿಮ್ಮಿಂದ ಇರುವ ದೂರವಾಗಿ ಮಾಡುತ್ತದೆ. ಇನ್ನೊಂದು, ದೂರವನ್ನು ನಿಮಿಷವಾಗಿ ಬದಲಿಸುತ್ತದೆ. ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟುತ್ತಾ ಹೋದರೆ ಸರಪಳಿ ಸಿದ್ಧ. ರಿಯಾಕ್ಟಿವ್ ಸ್ಟ್ರೀಮ್ ಪ್ರೋಗ್ರಾಮಿಂಗ್ ಎಂದು ಸಂದರ್ಶನಗಳಲ್ಲಿ ಕೇಳಿ ಹೆದರಿಸುವ ವಿದ್ಯೆಯ ತಿರುಳು ಇಷ್ಟೇ.

ಇದರಲ್ಲಿ ಒಂದು ವಿಚಿತ್ರ ಇದೆ, ದಿನವೂ ಈ ಕೆಲಸ ಮಾಡುವವರೂ ಅದನ್ನು ಗಮನಿಸುವುದು ಕಡಿಮೆ. ಸರಪಳಿ ಕಟ್ಟುವ ಹೊತ್ತಿಗೆ ಒಂದು ಸೂಚನೆಯೂ ಬಂದಿರುವುದಿಲ್ಲ. ಕ್ಯಾಬ್ ಇನ್ನೂ ಬುಕ್ಕೇ ಆಗಿಲ್ಲ. ಕಾಲುವೆಗೆ ನೀರು ಬಿಡುವ ಮೊದಲೇ ತೂಬು ಕೂರಿಸುವ ಕೆಲಸ ಇದು. ಅಂದಮೇಲೆ ಹರಿಯಲಿರುವ ವಸ್ತುವಿನ ಹೆಸರನ್ನೇ ಎತ್ತದೆ, ಬರೀ ಫಂಕ್ಷನ್‌ಗಳನ್ನು ಒಂದಕ್ಕೊಂದು ಸೇರಿಸುವ ನಿಯಮಗಳು ಬೇಕು. ಎಕ್ಸ್ ಇಲ್ಲ, ವೈ ಇಲ್ಲ; ಫಂಕ್ಷನ್ ಮಾತ್ರ. ಆ ನಿಯಮಗಳೇನು ಎಂಬ ಒಂದೇ ಪ್ರಶ್ನೆಯ ಹಿಂದೆ ಕರ್ರಿ ತಮ್ಮ ಇಡೀ ಬದುಕನ್ನು ಸವೆಸಿದರು. ಅವರು ಶುರು ಮಾಡಿದಾಗ ಕಂಪ್ಯೂಟರ್ ಎಂಬ ಯಂತ್ರವೇ ಇರಲಿಲ್ಲ.

ಕರ್ರಿ ಹುಟ್ಟಿದ್ದು 1900ರ ಸೆಪ್ಟೆಂಬರ್ 12ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಿಲಿಸ್ ಎಂಬ ಸಣ್ಣ ಊರಿನಲ್ಲಿ. ತಂದೆ ಸ್ಯಾಮ್ಯುಯೆಲ್ ಸೈಲಸ್ ಕರ್ರಿ, ತಾಯಿ ಆ್ಯನಾ ಬ್ಯಾರೈಟ್. ಇಬ್ಬರೂ ಸೇರಿ ಬಾಸ್ಟನ್ನಿನಲ್ಲಿ ಭಾಷಣ ಕಲೆಯ ಶಾಲೆ ನಡೆಸುತ್ತಿದ್ದರು. ಧ್ವನಿ ಏರಿಳಿಸುವುದು ಹೇಗೆ, ಸಭೆಯ ಎದುರು ನಿಂತು ಮಾತಾಡುವುದು ಹೇಗೆ ಎಂದು ಹೇಳಿಕೊಡುವ ಆ ಶಾಲೆ ಇಂದು ಕರ್ರಿ ಕಾಲೇಜು ಎಂಬ ಹೆಸರಿನಲ್ಲಿದೆ. ಅದು ಮಗನ ಹೆಸರಲ್ಲ, ತಂದೆತಾಯಿಯದು. ಮಾತೇ ಬಂಡವಾಳವಾಗಿದ್ದ ಮನೆಯಲ್ಲಿ ಬೆಳೆದ ಹುಡುಗ, ಒಂದು ಪದವೂ ಬೇಕಿಲ್ಲದ, ಬರೀ ಚಿಹ್ನೆಗಳಲ್ಲಿ ನಡೆಯುವ ವಿಷಯವನ್ನು ಆರಿಸಿಕೊಂಡ.

ಆರಿಸಿಕೊಂಡದ್ದಾದರೂ ಸೀದಾ ಅಲ್ಲ. 1916ರಲ್ಲಿ ಹಾರ್ವರ್ಡ್ ಸೇರಿದ್ದು ಡಾಕ್ಟರ್ ಆಗಬೇಕೆಂದು. ಮರುವರ್ಷ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ದೇಶಕ್ಕೆ ಗಣಿತ ಬಲ್ಲವರು ಬೇಕಾದಾರು ಎಂದುಕೊಂಡು ಹುಡುಗ ಗಣಿತಕ್ಕೆ ಬಂದ, ವಿದ್ಯಾರ್ಥಿಗಳ ಸೈನಿಕ ದಳಕ್ಕೂ ಸೇರಿದ. 1920ರಲ್ಲಿ ಪದವಿ ಮುಗಿಸಿ ಎಂಐಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಜೊತೆಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಅರ್ಧ ಹೊತ್ತಿನ ಕೆಲಸ. ಎರಡು ವರ್ಷಕ್ಕೆ ಅದೂ ಸಾಕಾಯಿತು. ಎಂಜಿನಿಯರುಗಳಿಗೆ ಉತ್ತರ ಸರಿಯಾಗಿ ಬಂದರೆ ಮುಗಿಯಿತು, ಅದು ಯಾಕೆ ಸರಿ ಎಂಬುದು ಇವರಿಗೆ ಬೇಕಿತ್ತು. ಆಮೇಲೆ ಭೌತಶಾಸ್ತ್ರ, 1924ರಲ್ಲಿ ಅದರಲ್ಲಿ ಎಂಎ. ಆಮೇಲೆ ಮತ್ತೆ ಗಣಿತ, ಪಿಎಚ್‌ಡಿಗೆಂದು. ವೈದ್ಯ, ಎಂಜಿನಿಯರ್, ಭೌತವಿಜ್ಞಾನಿ ಎಂದು ಮೂರು ದಾರಿ ಬದಲಿಸಿದ ಹುಡುಗನನ್ನು ನಮ್ಮ ಮನೆಗಳಲ್ಲಾದರೆ ನೆಂಟರು ಮಾತಿನಲ್ಲೇ ಹುರಿದು ಹಾಕುತ್ತಿದ್ದರು.

ಪಿಎಚ್‌ಡಿಗೆ ಕೊಟ್ಟಿದ್ದ ವಿಷಯ ಡಿಫರೆನ್ಷಿಯಲ್ ಸಮೀಕರಣಗಳದು. ಆದರೆ ಮನಸ್ಸು ಬೇರೆಡೆ ಇತ್ತು. 1922ರಲ್ಲಿ ಅವರ ಕೈಗೆ ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ ಸಿಕ್ಕಿತ್ತು. ವೈಟ್‌ಹೆಡ್ ಮತ್ತು ಬರ್ಟ್ರಂಡ್ ರಸೆಲ್ ಬರೆದ, ಇಡೀ ಗಣಿತವನ್ನು ತರ್ಕದ ಬುಡದಿಂದ ಕಟ್ಟುವ ಮೂರು ದಪ್ಪ ಸಂಪುಟಗಳು. ಅದರ ಮೊದಲ ಅಧ್ಯಾಯದಲ್ಲೇ ಕರ್ರಿ ನಿಂತುಬಿಟ್ಟರು. ಅಲ್ಲಿ ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೋಗಲು ಮುಖ್ಯವಾಗಿ ಎರಡು ನಿಯಮ. ಒಂದು ಬಹಳ ಸರಳ: ಇದು ನಿಜವಾದರೆ ಅದು ನಿಜ, ಇದು ನಿಜ, ಆದ್ದರಿಂದ ಅದು ನಿಜ. ಇನ್ನೊಂದು, ಅಕ್ಷರದ ಜಾಗಕ್ಕೆ ಬೇರೊಂದನ್ನು ಹಾಕುವುದು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೀಜಗಣಿತದ ಪಾಠದ ಆದೇಶಿಸು ಎಂಬ ಕ್ರಿಯಾಪದ ನೆನಪಿರಬಹುದು. ಎಕ್ಸ್ ಜಾಗದಲ್ಲಿ 5 ಅನ್ನು ಆದೇಶಿಸಿದಾಗ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದರಲ್ಲ, ಅದೇ.

ನಮಗೆ ಅದು ಮಕ್ಕಳಾಟ. ಕರ್ರಿಗೆ ಅಲ್ಲೇ ಮುಳ್ಳು ಚುಚ್ಚಿತು. ಒಂದು ಅಕ್ಷರ ನಾಲ್ಕು ಕಡೆ ಇದ್ದರೆ ನಾಲ್ಕೂ ಕಡೆ ಹಾಕಬೇಕು. ಆದರೆ ಅದೇ ಅಕ್ಷರ ಒಳಗಿನ ಇನ್ನೊಂದು ಸೂತ್ರದಲ್ಲಿ ಬೇರೆ ಅರ್ಥದಲ್ಲಿ ಕೂತಿದ್ದರೆ ಅದನ್ನು ಮುಟ್ಟಬಾರದು. ಹಾಕುವ ವಸ್ತುವಿನೊಳಗೇ ಇರುವ ಅಕ್ಷರ, ಹೊರಗಿನ ಅಕ್ಷರದೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಒಂದೇ ಬೀದಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಪೋಸ್ಟ್‌ಮ್ಯಾನ್ ಪಡುವ ಪಾಡು. ಗಣಿತದ ಅತ್ಯಂತ ತಳದ ಕಲ್ಲು ಎಂದು ಇಟ್ಟದ್ದೇ ಇಷ್ಟು ಗೋಜಲಾಗಿದ್ದರೆ ಅದನ್ನು ತಳ ಎಂದು ಕರೆಯುವುದು ಹೇಗೆ? ಅದನ್ನೂ ಒಡೆದು ಇನ್ನೂ ಸರಳವಾದ ಚೂರುಗಳನ್ನು ಮಾಡಬೇಕು ಎಂದು ಅವರಿಗೆ ಅನ್ನಿಸಿತು. ಆಗಿನ ಅಮೆರಿಕದಲ್ಲಿ ತರ್ಕಶಾಸ್ತ್ರವನ್ನು ಗಣಿತದವರು ತಮ್ಮದೆಂದು ಎಣಿಸುತ್ತಿರಲಿಲ್ಲ, ಇದರ ಹಿಂದೆ ಹೋಗಬೇಡ ಎಂಬ ಬುದ್ಧಿವಾದವೇ ಹೆಚ್ಚು ಸಿಕ್ಕಿತು. ಕರ್ರಿ ಕೇಳಲಿಲ್ಲ.

1926-27ರ ಸುಮಾರಿಗೆ ಆ ಚೂರುಗಳು ಅವರಿಗೆ ಕಾಣತೊಡಗಿದವು. ಅವಕ್ಕೆ ಮುಂದೆ ಕಾಂಬಿನೇಟರ್ ಎಂಬ ಹೆಸರು ಬಂತು. ಒಂದೊಂದಕ್ಕೂ ಒಂದು ಅಕ್ಷರ. ಬಿ ಎಂಬುದು ಎರಡು ಫಂಕ್ಷನ್‌ಗಳನ್ನು ಜೋಡಿಸಿ ಒಂದು ಹೊಸ ಫಂಕ್ಷನ್ ಮಾಡುತ್ತದೆ. ಮೊದಲು ಇದನ್ನು ನಡೆಸು, ಬಂದದ್ದನ್ನು ಅದಕ್ಕೆ ಕೊಡು ಎಂಬಷ್ಟೇ ಅರ್ಥ. ಸಿ, ಒಳಗೆ ಬರುವ ಎರಡು ವಸ್ತುಗಳ ಸರದಿಯನ್ನು ಅದಲು ಬದಲು ಮಾಡುತ್ತದೆ. ಡಬ್ಲ್ಯು, ಒಂದೇ ವಸ್ತುವನ್ನು ಎರಡು ಸಲ ಕೊಡುತ್ತದೆ. ಕೆ, ಬಂದ ಎರಡರಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಎಸೆಯುತ್ತದೆ. ಸೇರಿಸು, ಸರದಿ ಬದಲಿಸು, ಎರಡು ಮಾಡು, ಬಿಸಾಡು. ಎಕ್ಸ್ ಜಾಗಕ್ಕೆ 5 ಹಾಕುವಾಗ ನಾವು ಮಾಡುವ ಎಲ್ಲವೂ ಈ ನಾಲ್ಕು ಕ್ರಿಯೆಗಳ ಜೋಡಣೆ. ಎಕ್ಸ್ ಎಂಬ ಅಕ್ಷರವೇ ಬೇಡ. ಕ್ಯಾಬಿನ ಉದಾಹರಣೆಗೆ ಬಂದರೆ, ದೂರ ತಿಳಿಸುವ ಫಂಕ್ಷನ್ ಮತ್ತು ನಿಮಿಷ ತಿಳಿಸುವ ಫಂಕ್ಷನ್ ನಡುವೆ ಬಿ ಕೂತರೆ ಜಾಗದಿಂದ ನಿಮಿಷಕ್ಕೆ ನೇರ ಹೋಗುವ ಫಂಕ್ಷನ್ ಹುಟ್ಟುತ್ತದೆ. ಕಾರು ಎಲ್ಲಿದೆ ಎಂದು ಯಾರೂ ಇನ್ನೂ ಹೇಳಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ.

1927ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಅಲ್ಲಿನ ಲೈಬ್ರರಿಯಲ್ಲಿ ಪುಟ ತಿರುಗಿಸುತ್ತಿದ್ದಾಗ ಜರ್ಮನ್ ಪತ್ರಿಕೆಯೊಂದರ 1924ರ ಸಂಪುಟದಲ್ಲಿ ಮೋಸೆಸ್ ಶೋನ್‌ಫಿಂಕೆಲ್ ಎಂಬವರ ಲೇಖನ ಕಣ್ಣಿಗೆ ಬಿತ್ತು. ಓದಿದರೆ, ತಾವು ಐದು ವರ್ಷದಿಂದ ಒಬ್ಬರೇ ಅಗೆಯುತ್ತಿದ್ದ ಬಾವಿಯನ್ನು ಇನ್ನೊಬ್ಬರು ಆಗಲೇ ತೋಡಿಯಾಗಿದೆ. ಅಕ್ಷರಗಳನ್ನು ಕಿತ್ತುಹಾಕಿ ಬರೀ ಫಂಕ್ಷನ್ ಜೋಡಣೆಯಲ್ಲಿ ತರ್ಕ ಬರೆಯುವ ದಾರಿ ಅಲ್ಲಿತ್ತು. ಹಲವು ಫಂಕ್ಷನ್‌ಗಳ ಬದಲು ಎರಡೇ ಸಾಕು ಎಂದೂ ಅವರು ತೋರಿಸಿದ್ದರು. ಒಂದಕ್ಕಿಂತ ಹೆಚ್ಚು ವಸ್ತು ಬೇಡುವ ಫಂಕ್ಷನ್ ಅನ್ನು ಒಂದೊಂದಾಗಿ ತೆಗೆದುಕೊಳ್ಳುವಂತೆ ಬದಲಿಸುವ ಉಪಾಯವೂ ಅದೇ ಲೇಖನದಲ್ಲಿತ್ತು. ಇಂದು ಕರ್ರಿಯಿಂಗ್ ಎನ್ನುವುದು ಅದನ್ನೇ. ಉದಾಹರಣೆಗೆ ಬಾಡಿಗೆ ಲೆಕ್ಕಕ್ಕೆ ಕಿಲೋಮೀಟರಿನ ದರವೂ ಬೇಕು, ದೂರವೂ ಬೇಕು. ದರವನ್ನು ಮೊದಲೇ ಕೊಟ್ಟುಬಿಟ್ಟರೆ, ದೂರವೊಂದಕ್ಕೇ ಕಾಯುವ ಹೊಸ ಫಂಕ್ಷನ್ ಉಳಿಯುತ್ತದೆ. ಒಂದು ಬಾಯಿ, ಒಂದು ಬಾಲ. ಸರಪಳಿಯಲ್ಲಿ ಸಲೀಸಾಗಿ ಕೂರುತ್ತದೆ.

ಇಂಥ ಹೊತ್ತಿನಲ್ಲಿ ಸಂಶೋಧಕರ ಎದೆ ಒಡೆಯುತ್ತದೆ. ಕೆಲವರು ಲೇಖನ ಕಂಡೇ ಇಲ್ಲವೆಂಬಂತೆ ಇದ್ದುಬಿಡುತ್ತಾರೆ. ಕರ್ರಿ ಎರಡನ್ನೂ ಮಾಡಲಿಲ್ಲ. ಆ ಮನುಷ್ಯನನ್ನೇ ಹುಡುಕಿ ಅವರ ಜೊತೆ ಕೆಲಸ ಮಾಡಬಹುದೇ ಎಂದು ವಿಚಾರಿಸಿದರು. ಆ ವರ್ಷ ಪ್ರಿನ್ಸ್‌ಟನ್ನಿಗೆ ಬಂದಿದ್ದ ರಷ್ಯದ ಗಣಿತಜ್ಞ ಪಾವೆಲ್ ಅಲೆಕ್ಸಾಂಡ್ರೋವ್ ಅವರಿಂದ ಸುದ್ದಿ ಸಿಕ್ಕಿತು: ಶೋನ್‌ಫಿಂಕೆಲ್ ಮಾನಸಿಕ ಆಸ್ಪತ್ರೆಯಲ್ಲಿದ್ದಾರೆ, ಮುಂದೆ ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ. ಇಂದಿನ ಉಕ್ರೇನಿನಲ್ಲಿ ಹುಟ್ಟಿ, ಜರ್ಮನಿಯ ಗಟ್ಟಿಂಗನ್ನಿನಲ್ಲಿ ಡೇವಿಡ್ ಹಿಲ್ಬರ್ಟ್ ಬಳಗದಲ್ಲಿ ಹತ್ತು ವರ್ಷ ಇದ್ದ ಆ ಪ್ರತಿಭಾವಂತ ಮಾಸ್ಕೋಗೆ ಮರಳಿದ್ದರು. ಅಲ್ಲೇ 1942ರ ಸುಮಾರಿಗೆ, ಯುದ್ಧದ ನಡುವೆ, ಬಡತನದಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಕಾಗದಗಳನ್ನು ನೆರೆಮನೆಯವರು ಚಳಿಗೆ ಒಲೆಗೆ ಹಾಕಿದರು ಎಂಬ ಮಾತು ಉಳಿದಿದೆ. ಪ್ರಕಟವಾದದ್ದು ಎರಡೇ ಲೇಖನ.

ಕರ್ರಿ 1928ರಲ್ಲಿ ವರ್ಜೀನಿಯಾ ವೀಟ್ಲಿ ಅವರನ್ನು ಮದುವೆಯಾದರು. ಆಕೆ ತಂದೆತಾಯಿಯ ಶಾಲೆಯಲ್ಲೇ ಓದಿದವರು. ಹೊಸ ಹೆಂಡತಿಯ ಜೊತೆ ಹಡಗು ಹತ್ತಿ ಹೋದದ್ದು ಗಟ್ಟಿಂಗನ್ನಿಗೆ, ಶೋನ್‌ಫಿಂಕೆಲ್ ಇದ್ದ ಊರಿಗೇ. ಕಾಗದದ ಮೇಲೆ ಗೈಡ್ ಹಿಲ್ಬರ್ಟ್, ನಿಜವಾಗಿ ಕೂತು ಓದಿ ತಿದ್ದಿದವರು ಪೌಲ್ ಬರ್ನೈಸ್. ವರ್ಷದೊಳಗೆ ಪ್ರಬಂಧ ಮುಗಿಯಿತು. ಜರ್ಮನ್ ಭಾಷೆಯಲ್ಲೇ ಬರೆದ ಆ ಕೃತಿ 1930ರಲ್ಲಿ ಅಚ್ಚಾಯಿತು. ಇವರ ಕ್ಷೇತ್ರಕ್ಕೆ ಕಾಂಬಿನೇಟರಿ ಲಾಜಿಕ್ ಎಂಬ ಹೆಸರು ನಿಂತದ್ದು ಅಲ್ಲಿಂದ. ಜೋಡಣೆಯ ಉಪಾಯ ಮೊದಲು ಶೋನ್‌ಫಿಂಕೆಲ್ ಅವರದು ಎಂದು ಕರ್ರಿ ಜೀವನದುದ್ದಕ್ಕೂ ಬರೆದುಕೊಂಡೇ ಬಂದರು. 1960ರ ದಶಕದಲ್ಲಿ ಬ್ರಿಟನ್ನಿನ ಕ್ರಿಸ್ಟೋಫರ್ ಸ್ಟ್ರೇಚಿ ತಮ್ಮ ಉಪನ್ಯಾಸಗಳಲ್ಲಿ ಕರ್ರಿಯಿಂಗ್ ಎಂಬ ಪದ ಬಳಸಿದಮೇಲೆ ಅದು ಅಂಟಿಕೊಂಡಿತು. ಶೋನ್‌ಫಿಂಕೆಲಿಂಗ್ ಎಂದು ಹೇಳಲು ನಾಲಿಗೆ ತೊಡರುತ್ತದೆ ಎಂಬುದೂ ಒಂದು ಕಾರಣ ಇರಬೇಕು; ಉಚ್ಚಾರಣೆಗೆ ಸುಲಭವಾದವರಿಗೆ ಕೀರ್ತಿ ಸಿಗುವುದು ಹೊಸದೇನಲ್ಲ.

1929ರಿಂದ ಪೆನ್ಸಿಲ್ವೇನಿಯಾ ಸ್ಟೇಟ್ ಕಾಲೇಜಿನಲ್ಲಿ ಅಧ್ಯಾಪಕ ವೃತ್ತಿ. ಇಂದು ಪೆನ್ ಸ್ಟೇಟ್ ಎಂದು ಹೆಸರಾದ ಆ ಸಂಸ್ಥೆ ಆಗ ಪಾಠ ಹೇಳುವುದಕ್ಕೆ ಹೆಚ್ಚು, ಸಂಶೋಧನೆಗೆ ಕಡಿಮೆ ಬೆಲೆ ಕೊಡುತ್ತಿತ್ತು. ಆದರೆ ಅದು ಮಹಾ ಆರ್ಥಿಕ ಕುಸಿತದ ಕಾಲ. ಕೈಲಿರುವ ಕೆಲಸ ಬಿಡುವ ಮಾತೇ ಇಲ್ಲ. ಮಗಳು ಹುಟ್ಟಿದಳು, ಮಗ ಹುಟ್ಟಿದ. ಸ್ಟೇಟ್ ಕಾಲೇಜ್ ಎಂಬ ಆ ಊರೇ ಕೊನೆಗೆ ಅವರ ಊರಾಯಿತು.

1934ರಲ್ಲಿ ಅವರು ಪ್ರಕಟಿಸಿದ ಒಂದು ಸಂಗತಿ ನಮ್ಮ ಸರಪಳಿಗೆ ತೀರ ಹತ್ತಿರದ್ದು. ಎಲ್ಲ ಫಂಕ್ಷನ್‌ಗಳನ್ನೂ ಎಲ್ಲದಕ್ಕೂ ಕಟ್ಟಲಾಗುವುದಿಲ್ಲ. ನಿಮಿಷ ಕೊಡುವ ಫಂಕ್ಷನ್ ಬಾಲಕ್ಕೆ ಹೆಸರು ಬೇಡುವ ಫಂಕ್ಷನ್ ಕಟ್ಟಿದರೆ ಅರ್ಧ ಇಂಚಿನ ಪೈಪಿಗೆ ಎರಡಿಂಚಿನ ಬೆಂಡ್ ಹಾಕಿದಂತೆ. ಯಾವ ಫಂಕ್ಷನ್ ಏನನ್ನು ತೆಗೆದುಕೊಂಡು ಏನನ್ನು ಕೊಡುತ್ತದೆ ಎಂದು ಗುರುತು ಹಚ್ಚುವ ಪದ್ಧತಿಯನ್ನು ಕರ್ರಿ ರೂಪಿಸಿದರು. ಹಾಗೆ ಗುರುತು ಹಚ್ಚುವಾಗ, ಕಾಂಬಿನೇಟರುಗಳ ಗುರುತುಗಳು ತರ್ಕಶಾಸ್ತ್ರದ ಮೂಲ ಸೂತ್ರಗಳಂತೆಯೇ ಇರುವುದು ಅವರ ಕಣ್ಣಿಗೆ ಬಿತ್ತು. ಸರಿಯಾಗಿ ಕೂರುವ ಜೋಡಣೆ ಎಂದರೆ ಸರಿಯಾದ ಸಾಧನೆ. ಈ ಹೋಲಿಕೆಯನ್ನು ವಿಲಿಯಂ ಹೋವರ್ಡ್ 1969ರಲ್ಲಿ ವಿಸ್ತರಿಸಿದರು. ಇಬ್ಬರ ಹೆಸರಲ್ಲೂ ಅದು ಪ್ರಸಿದ್ಧವಾಗಿದೆ. ನೀವು ಕೋಡ್ ಬರೆಯುವಾಗ ಎಡಿಟರ್ ಕೆಂಪು ಗೆರೆ ಎಳೆದು ಇಲ್ಲಿ ಟೈಪ್ ಹೊಂದುತ್ತಿಲ್ಲ ಎನ್ನುತ್ತದಲ್ಲ, ಆ ಗೆರೆಯ ಬೇರುಗಳಲ್ಲೊಂದು ಈ ಲೇಖನದಲ್ಲಿದೆ.

ಮರುವರ್ಷವೇ ಪೆಟ್ಟು ಬಿತ್ತು. ಸ್ಟೀಫನ್ ಕ್ಲೀನಿ ಮತ್ತು ಬಾರ್ಕ್ಲಿ ರಾಸರ್ ಎಂಬ ಇಬ್ಬರು ತರುಣರು, ಇಡೀ ತರ್ಕಶಾಸ್ತ್ರವನ್ನು ಫಂಕ್ಷನ್‌ಗಳ ಮೇಲೆ ಕಟ್ಟಲು ಅಲೊಂಜೊ ಚರ್ಚ್ ಮತ್ತು ಕರ್ರಿ ಮಾಡಿದ್ದ ದೊಡ್ಡ ವ್ಯವಸ್ಥೆಗಳಲ್ಲಿ ವಿರೋಧಾಭಾಸ ಇದೆ ಎಂದು 1935ರಲ್ಲಿ ಸಾಧಿಸಿ ತೋರಿಸಿದರು. ಅಂದರೆ ಅದರೊಳಗೆ ಯಾವ ಸುಳ್ಳನ್ನಾದರೂ ನಿಜವೆಂದು ಸಾಧಿಸಬಹುದು. ಚರ್ಚ್ ತಮ್ಮ ವ್ಯವಸ್ಥೆಯ ತರ್ಕದ ಭಾಗವನ್ನು ಕೈಬಿಟ್ಟು, ಫಂಕ್ಷನ್‌ಗಳ ಭಾಗವನ್ನಷ್ಟೇ ಉಳಿಸಿಕೊಂಡರು. ಲ್ಯಾಂಬ್ಡಾ ಕ್ಯಾಲ್ಕುಲಸ್ ಎಂದು ನಮಗೆ ಗೊತ್ತಿರುವುದು ಅದು. ಕರ್ರಿ ಮಾಡಿದ್ದು ಬೇರೆ. ಬಿದ್ದ ಮನೆಯ ಮುಂದೆ ಕೂತು ಯಾವ ಕಂಬ ಮೊದಲು ಬಾಗಿತು ಎಂದು ಹುಡುಕತೊಡಗಿದರು. ಏಳು ವರ್ಷ ಹಿಡಿಯಿತು. 1942ರಲ್ಲಿ ಆ ವಿರೋಧಾಭಾಸವನ್ನು ಸೋಸಿ ಸೋಸಿ ಒಂದೇ ವಾಕ್ಯದಷ್ಟು ಚಿಕ್ಕದು ಮಾಡಿದರು: ಈ ವಾಕ್ಯ ನಿಜವಾದರೆ ಚಂದ್ರ ಬೆಣ್ಣೆ ಮುದ್ದೆ ಎಂಬಂಥ ವಾಕ್ಯ. ಇದನ್ನು ಒಪ್ಪಿ ತರ್ಕ ಮಾಡುತ್ತಾ ಹೋದರೆ ಚಂದ್ರ ಬೆಣ್ಣೆ ಮುದ್ದೆಯೇ ಆಗುತ್ತಾನೆ. ಇದಕ್ಕೆ ಕರ್ರಿ ವಿರೋಧಾಭಾಸ ಎಂದು ಹೆಸರು. ತಮ್ಮದೇ ವ್ಯವಸ್ಥೆಯ ಬಿರುಕನ್ನು ಮುಚ್ಚದೆ ಸೀಳಿ ತೋರಿಸಿದ ಈ ಕೆಲಸ ನನಗೆ ಅವರ ಉಳಿದ ಎಲ್ಲ ಕೆಲಸಕ್ಕಿಂತ ದೊಡ್ಡದಾಗಿ ಕಾಣುತ್ತದೆ. ತಳದ ನಾಲ್ಕು ಕಾಂಬಿನೇಟರುಗಳಿಗೆ ಮಾತ್ರ ಏನೂ ಆಗಲಿಲ್ಲ. ಅವು ಗಟ್ಟಿಯಾಗಿಯೇ ಉಳಿದವು.

ಅಷ್ಟರಲ್ಲಿ ಇನ್ನೊಂದು ಯುದ್ಧ. ಕರ್ರಿ ತರ್ಕವನ್ನು ಬದಿಗಿಟ್ಟು 1942ರಿಂದ ಸೇನೆಗೆ ಬೇಕಾದ ಲೆಕ್ಕಗಳಿಗೆ ಹೋದರು. ಫಿಲಡೆಲ್ಫಿಯಾದ ಫ್ರಾಂಕ್‌ಫರ್ಡ್ ಶಸ್ತ್ರಾಗಾರ, ಜಾನ್ಸ್ ಹಾಪ್‌ಕಿನ್ಸ್ ಪ್ರಯೋಗಾಲಯ, ಕೊನೆಗೆ 1945ರಲ್ಲಿ ಅಬರ್ಡೀನಿನ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯ. ಫಿರಂಗಿ ಗುಂಡು ಎಲ್ಲಿ ಬೀಳುತ್ತದೆ ಎಂಬ ಕೋಷ್ಟಕ ಮಾಡಲೆಂದೇ ಎನಿಯಾಕ್ ಎಂಬ ಯಂತ್ರ ಕಟ್ಟಿಸಿದ್ದ ಸಂಸ್ಥೆ ಅದು. ಸುಮಾರು 18,000 ವ್ಯಾಕ್ಯೂಮ್ ಟ್ಯೂಬು, 30 ಟನ್ ತೂಕ, ಒಂದು ದೊಡ್ಡ ಹಾಲ್ ತುಂಬಾ ಕಪಾಟುಗಳು. ಅದಕ್ಕೆ ಪ್ರೋಗ್ರಾಮ್ ಹಾಕುವುದೆಂದರೆ ಕೇಬಲ್ ಎಳೆದು ಒಂದು ಪ್ಯಾನೆಲಿನಿಂದ ಇನ್ನೊಂದಕ್ಕೆ ಚುಚ್ಚುವುದು, ಸ್ವಿಚ್ ತಿರುಗಿಸುವುದು. ಲೆಕ್ಕ ಬದಲಾದರೆ ಎಲ್ಲ ಕಿತ್ತು ಮತ್ತೆ ಚುಚ್ಚಬೇಕು, ಅದಕ್ಕೇ ದಿನಗಳು ಹಿಡಿಯುತ್ತಿದ್ದವು.

ಇಲ್ಲಿ ಕರ್ರಿ ಮತ್ತು ಸಹೋದ್ಯೋಗಿ ವಿಲ್ಲಾ ವ್ಯಾಟ್ ಒಂದು ಲೆಕ್ಕ ಹಿಡಿದರು. ಕೋಷ್ಟಕದಲ್ಲಿ ಉತ್ತರ ಇದೆ, ಯಾವ ಪ್ರಶ್ನೆಗೆ ಈ ಉತ್ತರ ಎಂದು ಹಿಂದಕ್ಕೆ ಹುಡುಕಬೇಕು. ಇದನ್ನು ಎನಿಯಾಕ್ ಮೇಲೆ ನಡೆಸುವುದು ಹೇಗೆ ಎಂದು ಇಬ್ಬರೂ ಸೇರಿ 1946ರಲ್ಲಿ ದೀರ್ಘ ವರದಿ ಬರೆದರು. ಇಡೀ ಲೆಕ್ಕವನ್ನು ಒಂದೇ ಗಂಟಾಗಿ ನೋಡದೆ, ತುಂಡು ತುಂಡು ಮಾಡಿ, ಒಂದು ತುಂಡನ್ನು ಬದಲಿಸಿದರೆ ಉಳಿದದ್ದು ಕೆಡದಂತೆ ಜೋಡಿಸಿದ್ದರು. ಕರ್ರಿಗೆ ಇದು ಬರೀ ಫಿರಂಗಿಯ ಲೆಕ್ಕವಾಗಿ ಉಳಿಯಲಿಲ್ಲ. ಕೇಬಲ್ ಚುಚ್ಚುವ ಗೋಜಲಿನಲ್ಲಿ ಅವರಿಗೆ 1922ರ ಹಳೆಯ ಮುಳ್ಳೇ ಮತ್ತೆ ಕಂಡಿತು. ಒಂದು ಪ್ರೋಗ್ರಾಮನ್ನು ಇನ್ನೊಂದರ ಜೊತೆ ಸೇರಿಸುವಾಗ ಏನೇನು ತಿದ್ದಬೇಕು? ಯಾವ ಜಾಗದಲ್ಲಿದ್ದ ಸಂಖ್ಯೆ ಯಾವ ಜಾಗಕ್ಕೆ ಹೋಗಬೇಕು? ಇದೂ ಆದೇಶದ ಪ್ರಶ್ನೆಯೇ.

1949 ಮತ್ತು 1950ರಲ್ಲಿ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯಕ್ಕೆ ಕರ್ರಿ ಎರಡು ವರದಿ ಬರೆದುಕೊಟ್ಟರು. ವಿಷಯ, ಪ್ರೋಗ್ರಾಮ್‌ಗಳ ಜೋಡಣೆ. ಅತಿ ಚಿಕ್ಕ ಮೂಲ ಪ್ರೋಗ್ರಾಮ್‌ಗಳನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು, ದೊಡ್ಡವನ್ನೆಲ್ಲ ಅವುಗಳಿಂದ ನಿಯಮ ಹಿಡಿದು ಕಟ್ಟಬೇಕು, ಆ ಜೋಡಣೆಯನ್ನು ಬರೆಯಲು ಒಂದು ಚಿಹ್ನೆಪದ್ಧತಿ ಇರಬೇಕು. ಗಣಿತದ ಸೂತ್ರವೊಂದನ್ನು ಯಂತ್ರದ ಆಜ್ಞೆಗಳಾಗಿ ಹಂತ ಹಂತವಾಗಿ ಬದಲಿಸುವ ವಿಧಾನವನ್ನೂ ಅವರು ವಿವರಿಸಿದ್ದರು. ಕಂಪೈಲರ್ ಎಂಬ ಪದ ಇನ್ನೂ ಚಾಲ್ತಿಗೆ ಬಂದಿರಲಿಲ್ಲ. ಇಷ್ಟನ್ನು ಓದಿದವರು ಬೆರಳೆಣಿಕೆಯಷ್ಟು. ಪ್ರಯೋಗಾಲಯದ ವರದಿಗಳು ಪ್ರಯೋಗಾಲಯದ ಕಪಾಟಿನಲ್ಲೇ ಉಳಿದವು. ಕಂಪ್ಯೂಟರ್ ಲೋಕ ಬೇರೆ ದಾರಿಯಲ್ಲಿ ಓಡಿತು, ಹಲವು ವರ್ಷ ಕಳೆದು ಬೇರೆಯವರು ಇದೇ ಸಂಗತಿಗಳನ್ನು ತಾವಾಗಿ ಕಂಡುಕೊಂಡರು. ಎರಡು ದಶಕಗಳ ಹಿಂದೆ ಶೋನ್‌ಫಿಂಕೆಲ್ ಲೇಖನವನ್ನು ಕಪಾಟಿನಿಂದ ಹೊರತೆಗೆದಿದ್ದ ಕರ್ರಿಯ ಈ ಬರಹವನ್ನು ಹಾಗೆ ಹೊರತೆಗೆಯುವ ಒಬ್ಬ ಕರ್ರಿ ಆಗ ಇರಲಿಲ್ಲ. ಇತಿಹಾಸಕಾರರು ಅದನ್ನು ಓದಿ ಬೆರಗಾದದ್ದು ಬಹಳ ತಡವಾಗಿ.

ಅವರು ಗೊಣಗಿಕೊಂಡು ಕೂರುವ ಜನವೂ ಅಲ್ಲ. ತರ್ಕಕ್ಕೆ ಮರಳಿದರು. 1950-51ರಲ್ಲಿ ಬೆಲ್ಜಿಯಂನ ಲೂವೇನ್‌ಗೆ ಹೋಗಿ ರಾಬರ್ಟ್ ಫೇಯ್ಸ್ ಅವರ ಜೊತೆ ಕೂತು ಕಾಂಬಿನೇಟರಿ ಲಾಜಿಕ್ ಬಗ್ಗೆ ದೊಡ್ಡ ಗ್ರಂಥಕ್ಕೆ ಕೈಹಾಕಿದರು. ಮೊದಲ ಸಂಪುಟ ಬಂದದ್ದು 1958ರಲ್ಲಿ. ಎರಡನೆಯದು ಬರುವ ಹೊತ್ತಿಗೆ 1972. ಅದರಲ್ಲಿ ಅವರ ಜೊತೆ ಹೆಸರಿದ್ದವರು ರೋಜರ್ ಹಿಂಡ್ಲಿ ಮತ್ತು ಅವರ ಶಿಷ್ಯ ಜೊನಾಥನ್ ಸೆಲ್ಡಿನ್, ಇಬ್ಬರೂ ತರುಣರು. ನಡುವೆ 1966ರಲ್ಲಿ ಪೆನ್ ಸ್ಟೇಟ್‌ನಿಂದ ನಿವೃತ್ತರಾಗಿ, ಆಮ್‌ಸ್ಟರ್ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಪ್ರಾಧ್ಯಾಪಕರಾಗಿದ್ದು ಮತ್ತೆ ಸ್ಟೇಟ್ ಕಾಲೇಜ್ ಊರಿಗೆ ಮರಳಿದರು. 66ನೇ ವಯಸ್ಸಿನಲ್ಲಿ ಹೊಸ ದೇಶದಲ್ಲಿ ಮನೆ ಹೂಡುವುದು ಏನೆಂದು ಬಾಡಿಗೆ ಅಗ್ರಿಮೆಂಟ್ ಬರೆಸಿ ಬರೆಸಿ ಸಾಕಾದ ನಮ್ಮಂಥವರಿಗೆ ಗೊತ್ತು.

ಕೊನೆಗಾಲದಲ್ಲಿ ಗಾಳಿ ತಿರುಗಿತು. 1977ರಲ್ಲಿ ಫೋರ್ಟ್ರಾನ್ ಖ್ಯಾತಿಯ ಜಾನ್ ಬ್ಯಾಕಸ್ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಮಾಡಿದ ಭಾಷಣದಲ್ಲಿ, ಒಂದೊಂದು ಬೆಲೆಯನ್ನು ಹೊತ್ತು ತಿರುಗುವ ಪ್ರೋಗ್ರಾಮಿಂಗ್ ಬಿಟ್ಟು ಫಂಕ್ಷನ್‌ಗಳನ್ನೇ ಜೋಡಿಸುವ ಪ್ರೋಗ್ರಾಮಿಂಗ್ ಬೇಕೆಂದು ವಾದಿಸಿದರು. 1979ರಲ್ಲಿ ಬ್ರಿಟನ್ನಿನ ಡೇವಿಡ್ ಟರ್ನರ್ ತಮ್ಮ ಭಾಷೆಯ ಪ್ರೋಗ್ರಾಮ್‌ಗಳನ್ನು ಪೂರ್ತಿ ಕಾಂಬಿನೇಟರುಗಳಾಗಿ ಬದಲಿಸಿ ಯಂತ್ರದಲ್ಲಿ ಓಡಿಸಿಬಿಟ್ಟರು. ಕರ್ರಿಯ ಬಿ ಮತ್ತು ಸಿ, ಅರ್ಧ ಶತಮಾನ ಕಾಗದದ ಮೇಲಿದ್ದವು, ನಿಜವಾದ ಕಂಪ್ಯೂಟರಿನೊಳಗೆ ಓಡಿದವು. ಆಗ ಕರ್ರಿ ಬದುಕಿದ್ದರು. 1980ರಲ್ಲಿ ಅವರಿಗೆ 80 ತುಂಬಿದಾಗ ಹಿಂಡ್ಲಿ ಮತ್ತು ಸೆಲ್ಡಿನ್ ಅಭಿನಂದನ ಗ್ರಂಥ ತಂದರು. ಹೋವರ್ಡ್ ಅವರ 11 ವರ್ಷ ಹಳೆಯ ಕೈಬರಹದ ಟಿಪ್ಪಣಿ ಮೊದಲು ಅಚ್ಚಾದದ್ದು ಅದರಲ್ಲೇ. 1982ರ ಸೆಪ್ಟೆಂಬರ್ 1ರಂದು, 82 ತುಂಬಲು 11 ದಿನ ಇರುವಾಗ ಕರ್ರಿ ತೀರಿಕೊಂಡರು.

1987ರಲ್ಲಿ ಫಂಕ್ಷನಲ್ ಪ್ರೋಗ್ರಾಮಿಂಗ್ ಸಂಶೋಧಕರು ಸಮಿತಿ ಮಾಡಿಕೊಂಡು ಎಲ್ಲರಿಗೂ ಒಂದೇ ಭಾಷೆ ರೂಪಿಸಲು ಹೊರಟರು. ಮರುವರ್ಷ ಜನವರಿಯಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸೇರಿ ಹೆಸರು ಹುಡುಕಿದರು. ಬೋರ್ಡಿನ ಮೇಲೆ ಹಲವು ಹೆಸರು ಬರೆದು ಒಂದೊಂದಾಗಿ ಹೊಡೆದುಹಾಕಿದ ಮೇಲೆ ಕರ್ರಿಯವರ ಹೆಸರು ನಿಂತಿತು. ಕರ್ರಿ ಎಂದರೆ ಜನ ತಮಾಷೆ ಮಾಡುತ್ತಾರೆಂದು ಹ್ಯಾಸ್ಕೆಲ್ ಎಂದಿಟ್ಟರು. ಆಗಿನ್ನೂ ಬದುಕಿದ್ದ ವರ್ಜೀನಿಯಾ ಅವರ ಒಪ್ಪಿಗೆ ಪಡೆಯಲು ಸಮಿತಿಯ ಪಾಲ್ ಹ್ಯೂಡಾಕ್ ಇನ್ನೊಬ್ಬ ಸದಸ್ಯರೊಡನೆ ಅವರ ಮನೆಗೆ ಹೋದರು. ಆಕೆ ಆದರದಿಂದ ಕೂರಿಸಿ ಮಾತಾಡಿಸಿದರು, ಒಪ್ಪಿಗೆಯನ್ನೂ ಕೊಟ್ಟರು. ಹೊರಡುವ ಹೊತ್ತಿನಲ್ಲಿ, ತನ್ನ ಗಂಡನಿಗೆ ಹ್ಯಾಸ್ಕೆಲ್ ಎಂಬ ಹೆಸರು ಎಂದೂ ಇಷ್ಟವಾಗಿರಲಿಲ್ಲ ಎಂದು ಮೆಲ್ಲಗೆ ತಿಳಿಸಿದರಂತೆ. ಹೆಸರು ಮಾತ್ರ ಬದಲಾಗಲಿಲ್ಲ.

ಅದೇ ಹ್ಯೂಡಾಕ್, ಕಾನಲ್ ಎಲಿಯಟ್ ಅವರ ಜೊತೆ ಸೇರಿ 1997ರಲ್ಲಿ ಹ್ಯಾಸ್ಕೆಲ್ ಭಾಷೆಯಲ್ಲೇ ಹೊಸದೊಂದನ್ನು ಮಾಡಿದರು. ಕಾಲದ ಜೊತೆ ಬದಲಾಗುತ್ತಾ ಹೋಗುವ ಬೆಲೆಗಳನ್ನೂ ನಡುವೆ ಬಂದೆರಗುವ ಘಟನೆಗಳನ್ನೂ ಫಂಕ್ಷನ್ ಜೋಡಣೆಯಿಂದಲೇ ಹಿಡಿಯುವ ಪದ್ಧತಿ ಅದು. ರಿಯಾಕ್ಟಿವ್ ಎಂಬ ಪದ ಫಂಕ್ಷನಲ್ ಪ್ರೋಗ್ರಾಮಿಂಗಿಗೆ ಗಟ್ಟಿಯಾಗಿ ಅಂಟಿದ್ದು ಆಗ. ಹ್ಯಾಸ್ಕೆಲ್ ಬಳಗದಲ್ಲೇ ಪಳಗಿದ ಎರಿಕ್ ಮೈಯರ್ ಮೈಕ್ರೋಸಾಫ್ಟಿನಲ್ಲಿ ಕಟ್ಟಿದ ಆರ್‌ಎಕ್ಸ್ ಲೈಬ್ರರಿ 2009ರಲ್ಲಿ ಹೊರಬಂತು. ನೆಟ್‌ಫ್ಲಿಕ್ಸ್ ಅದನ್ನು ಜಾವಾಕ್ಕೆ ತಂದಿತು, 2017ರ ಜಾವಾ 9ರೊಳಗೆ ಸ್ಟ್ರೀಮುಗಳ ಇಂಥ ಜೋಡಣೆಗೆ ಬೇಕಾದ ಇಂಟರ್‌ಫೇಸುಗಳೇ ಸೇರಿಕೊಂಡವು. ಈ ಲೈಬ್ರರಿಗಳಲ್ಲಿ ಬಿ ಒಂದೇ ಸಾಲುವುದಿಲ್ಲ. ಒಂದು ಫಂಕ್ಷನ್ ಒಂದು ಬೆಲೆಯ ಬದಲು ಇನ್ನೊಂದು ಹರಿವನ್ನೇ ಕೊಟ್ಟರೆ, ಹರಿವಿನೊಳಗಿನ ಹರಿವನ್ನು ಚಪ್ಪಟೆ ಮಾಡಿ ಮುಂದಕ್ಕೆ ಬಿಡುವ ಫ್ಲಾಟ್‌ಮ್ಯಾಪ್ ಬೇಕು. ಮೇಲಿನಿಂದ ಬರುವ ವೇಗವನ್ನು ಕೆಳಗಿನವರು ತಾಳಲಾರದಾಗ ತೂಬು ಇಳಿಸುವ ವ್ಯವಸ್ಥೆಯೂ ಬೇಕು. ಆದರೆ ಮೂಲದ ಬಿ ಎಲ್ಲ ಕಡೆ ಇದೆ, ಆ ಅಕ್ಷರದಲ್ಲಿ ಮಾತ್ರ ಇಲ್ಲ. ಜಾವಾದಲ್ಲಿ ಅದಕ್ಕೆ ಕಂಪೋಸ್ ಮತ್ತು ಆ್ಯಂಡ್‌ದೆನ್ ಎಂದು ಹೆಸರು, ಜಾವಾಸ್ಕ್ರಿಪ್ಟಿನ ಆರ್‌ಎಕ್ಸ್‌ನಲ್ಲಿ ಪೈಪ್ ಎಂದು, ಹ್ಯಾಸ್ಕೆಲ್ ಭಾಷೆಯಲ್ಲಿ ಬರೀ ಒಂದು ಚುಕ್ಕೆ.